ರೇಣುಕಕ್ಕನಿಗೆ ಹಾಕಿದ ಹಳದಿ ಗುರುತು

ಪೀಣ್ಯದಲ್ಲಿ ಮೆಟ್ರೋ ಕಂಬಗಳು ಇನ್ನೂ ಎದ್ದಿರದ ಕಾಲ ಅದು. ಲಗ್ಗೆರೆಯ ನಮ್ಮ ಬೀದಿಗೆ ಬೆಳಗಾಗುತ್ತಿದ್ದುದು ಕೋಳಿ ಕೂಗಿನಿಂದಲ್ಲ, ಫ್ಯಾಕ್ಟರಿಯ ಸೈರನ್ನಿನಿಂದ. ಗಂಡಸರ ಅಂಗಿಗಳನ್ನು ಎಷ್ಟು ಕುಕ್ಕಿ ಒಗೆದರೂ ಮೆಷಿನ್ ಆಯಿಲ್ ವಾಸನೆ ಹೋಗುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಮೂಲೆಯ ಬೇಕರಿಯಲ್ಲಿ ಖಾರಾ ಬನ್ನಿನ ತಟ್ಟೆ ಒಲೆಯಿಂದ ಹೊರಗೆ ಬಂದರೆ ಮಾತ್ರ ಆ ವಾಸನೆಯನ್ನೂ ಸೋಲಿಸಿ ಈರುಳ್ಳಿ, ಹಸಿಮೆಣಸಿನಕಾಯಿ ಘಮ್ಮೆನ್ನುತ್ತಿತ್ತು. ಆ ಘಮ ಮೂಗಿಗೆ ಬಡಿಯಿತೆಂದರೆ ನಾವು ಮಕ್ಕಳು ಕಾಲೇಜಿನ ಕಾಂಪೌಂಡಿಗೆ ಓಡುವ ಹೊತ್ತಾಯಿತೆಂದು ಅರ್ಥ.

ನಮ್ಮ ವಠಾರದ ಬೆನ್ನಿಗೇ ಒಂದು ಸಣ್ಣ ಕಾಲೇಜಿತ್ತು. ಅದರಲ್ಲಿ ಒಂದು ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಕಣ. ಎರಡು ರಿಂಗುಗಳಲ್ಲಿ ಒಂದು ಮುರಿದುಹೋಗಿ, ಪಕ್ಕದ ವರ್ಕ್‌ಶಾಪಿನವರು ವೆಲ್ಡಿಂಗ್ ಮಾಡಿಕೊಟ್ಟಿದ್ದು ಕೊಂಚ ವಾರೆಯಾಗಿತ್ತು. ಅಲ್ಲಿ ಆಡುತ್ತಿದ್ದವರು ಹುಡುಗಿಯರು. ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಇಲ್ಲವೆಂದು ತಿಳಿದಿದ್ದ ನಮ್ಮ ಬೀದಿಯ ಗಂಡುಹುಡುಗರೂ ಆ ಟೀಮಿನ ವಿಷಯಕ್ಕೆ ಬಂದರೆ ಬಾಯಿ ಮುಚ್ಚಿಕೊಂಡು ಗೋಡೆ ಹತ್ತಿ ಕೂರುತ್ತಿದ್ದರು.

ಪಂದ್ಯಗಳು ಶುರುವಾಗುತ್ತಿದ್ದುದು ದಸರಾ ಕಳೆದ ಮೇಲೆ. ಗಣೇಶನನ್ನು ನೀರಿಗೆ ಬಿಟ್ಟ ಮರುದಿನದಿಂದ ಹದಿನಾಲ್ಕು ಹುಡುಗಿಯರು ಅಭ್ಯಾಸಕ್ಕಿಳಿಯುತ್ತಿದ್ದರು. ಜರ್ಸಿಗಳು ಹನ್ನೆರಡೇ. ಆಯುಧಪೂಜೆಯ ದಿನ ಪೀಣ್ಯದ ಮೆಷಿನ್ನುಗಳಿಗೆಲ್ಲ ಅರಿಶಿನ ಕುಂಕುಮ ಬೀಳುವ ಹೊತ್ತಿಗೆ, ಕಾಲೇಜಿನ ಆಟದ ಮೇಷ್ಟ್ರಾದ ಪಿ.ಡಿ. ಸಾರ್ ರಿಂಗಿನ ಕೆಳಗೆ ಮಣೆಯಿಟ್ಟು ಚೆಂಡನ್ನೂ ಹನ್ನೆರಡು ಜರ್ಸಿಗಳನ್ನೂ ಪೂಜೆಗೆ ಇಡುತ್ತಿದ್ದರು. ಬೂದುಗುಂಬಳಕಾಯಿ ಒಡೆದು, ಒಂದೊಂದೇ ಹೆಸರು ಕೂಗಿ, ಕುಂಕುಮ ಹತ್ತಿದ ಜರ್ಸಿಯನ್ನು ಕೈಗೆ ಕೊಡುವವರೆಗೂ ಟೀಮಿನಲ್ಲಿ ಯಾರಿದ್ದಾರೆಂದು ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಆ ಒಂದು ತಿಂಗಳು ನಮಗೆ ಯಾರು ಒಳಗೆ, ಯಾರು ಹೊರಗೆ ಎಂಬ ಲೆಕ್ಕಾಚಾರದ್ದೇ ಹಬ್ಬ.

ಆ ವರ್ಷ ನಾನು ಐದನೇ ಕ್ಲಾಸು. ಅಕ್ಷರ ದುಂಡಗಿತ್ತು, ಅಧಿಕಪ್ರಸಂಗಕ್ಕೂ ಕೊರತೆಯಿರಲಿಲ್ಲ. ಹದಿನಾಲ್ಕು ಜನರ ಬಗ್ಗೆಯೂ ಒಂದೊಂದು ಸಾಲು ಬರೆದು ಬೇಕರಿಯ ಗೋಡೆಗೆ ಅಂಟಿಸುತ್ತೇನೆಂದು ಹೊರಟೆ. ಎದುರು ಮನೆಯ ನಾಗ ಡ್ರಾಯಿಂಗ್ ಶೀಟು ತಂದುಕೊಟ್ಟ.

ಬರೆಯುವ ಕ್ರಮವನ್ನು ಅಪ್ಪನಿಂದ ಕಲಿತಿದ್ದೆ. ಅಪ್ಪ ಮೆಷಿನ್ನುಗಳ ಗೇರ್ ಚಕ್ರ ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದರು. ಬಂದ ಪೀಸನ್ನು ಅಳೆದು ನೋಡಿ, ಸರಿಯಿದ್ದರೆ ಹಸಿರು ಬಣ್ಣದ ಗುರುತು, ತಿದ್ದಿದರೆ ಸರಿಹೋಗುತ್ತದೆ ಎಂದರೆ ಹಳದಿ, ಕೆಲಸಕ್ಕೆ ಬಾರದ್ದಕ್ಕೆ ಕೆಂಪು. ಬೆರಳ ಸಂದಿಯಲ್ಲಿ ಆ ಮೂರೂ ಬಣ್ಣ ಅಂಟಿಸಿಕೊಂಡೇ ಮನೆಗೆ ಬಂದು ಊಟಕ್ಕೆ ಕೂರುತ್ತಿದ್ದರು.

"ಮುಚ್ಚಿಟ್ಟ ಬಿರುಕು ಒಂದಿನ ಯಾರ್ದೋ ಕೈಯಲ್ಲಿ ಒಡ್ಯುತ್ತೆ ಕಣಮ್ಮ. ಕಂಡಿದ್ದನ್ನ ಕಂಡ ಹಾಗೆ ಹಾಕ್ಬಿಡ್ಬೇಕು" ಎನ್ನುತ್ತಿದ್ದರು.

"ಹಳದಿ ಹಾಕಿದ್ರೆ ಪೀಸ್‌ನ ಬಿಸಾಕ್ತಾರಾ ಅಪ್ಪ?"

"ಇಲ್ಲ ಕಣೇ. ರೀವರ್ಕ್‌ಗೆ ಹೋಗುತ್ತೆ. ಸರಿಯಾಗಿ ವಾಪಸ್ ಬರುತ್ತೆ."

ಸರಿಯಾಗಿ ವಾಪಸ್ ಬರುತ್ತದೆ ಎಂಬುದೊಂದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಹದಿನಾಲ್ಕು ಜನರಲ್ಲಿ ನನ್ನವಳು ಅಂತಿದ್ದವಳು ರೇಣುಕಕ್ಕ. ನಮ್ಮ ವಠಾರದ ಕೊನೆಯ ರೂಮಿನವಳು. ಕೊಪ್ಪಳದ ಕಡೆಯಿಂದ ಬಂದಿದ್ದ ಅವಳ ಅಪ್ಪ, ಅವ್ವ ಇಬ್ಬರೂ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ಅವಳು ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ. ನಲ್ಲಿಯಿಂದ ಎರಡು ಕೊಡ ನೀರನ್ನು ಒಟ್ಟಿಗೆ ಎತ್ತಿಕೊಂಡು ನಗುತ್ತಾ ಹೋಗುತ್ತಿದ್ದಳು. ನನ್ನನ್ನು ಕರೆದು ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಸುರುಳಿ ಸುತ್ತಿ ಕೊಡುತ್ತಿದ್ದಳು. ಅವಳ ಜಿಗಿತ ನೋಡಿಯೇ ಪಿ.ಡಿ. ಸಾರ್ ಆಟದ ಕೋಟಾದಲ್ಲಿ ಸೀಟು ಕೊಡಿಸಿದ್ದರು. ಟೀಮಿನಲ್ಲಿ ಹೆಸರಿದ್ದರೆ ಫೀಸಿಲ್ಲ. ಇಲ್ಲವಾದರೆ ಸೀಟೂ ಇಲ್ಲ.

"ಈ ಸಲ ಹೆಸರು ಬರಲಿಲ್ಲಂದ್ರ ಕಾಲೇಜು ಸಾಕು, ಜಿಗಣಿಗೆ ಕೆಲಸಕ್ಕ ಹೋಗೋಣು ಅಂತ ನಮ್ಮಪ್ಪ ಹೇಳ್ಯಾನವಾ" ಎಂದು ಒಂದು ದಿನ ಬಟ್ಟೆ ಒಗೆಯುತ್ತಾ ನನಗೆ ಹೇಳಿದಳು. "ನಂಗ ಡಿಗ್ರಿ ಮುಗಿಸಿ ಪೊಲೀಸ್ ಆಗೋದೈತಿ. ಈ ಉದ್ದಕ್ಕ ಖಾಕಿ ಒಪ್ಪತೈತೋ ಇಲ್ಲೋ ನೋಡು."

ಒಪ್ಪುತ್ತದೆ ಅಂದೆ. ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಚಟ್ನಿಯ ಆಸೆಗೆ ಅವಳ ರೂಮಿಗೆ ನುಗ್ಗಿದವಳು ಬಾಗಿಲಲ್ಲೇ ನಿಂತೆ. ರೇಣುಕಕ್ಕ ಗೋಡೆಗೊರಗಿ ಕೂತು ಎಡಮೊಣಕಾಲಿಗೆ ಸುಣ್ಣ ಅರಿಶಿನ ಕಲಸಿ ಹಚ್ಚಿಕೊಳ್ಳುತ್ತಿದ್ದಳು. ಮೊಣಕಾಲು ಊದಿ ತೆಂಗಿನಕಾಯಿಯಷ್ಟಾಗಿತ್ತು.

"ಏನಾಯ್ತಕ್ಕ?"

"ಏನಿಲ್ಲ ತಂಗಿ, ನಿನ್ನೆ ಜಿಗದು ಇಳಿಯೋವಾಗ ಕಾಲು ಹೊಳ್ಳೇತಿ." ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಯಾರಿಗೂ ಹೇಳಬ್ಯಾಡ. ಹಬ್ಬ ಎಂಟೊಂಬತ್ತು ದಿನ ಐತಿ. ಅಷ್ಟ್ರೊಳಗ ಇಳೀತೈತಿ."

ದೇವರಾಣೆಗೂ ಹೇಳಲ್ಲ ಅಂದೆ. ಬಾಯಲ್ಲಿ ಹೇಳಲೂ ಇಲ್ಲ.

ಮೂರು ದಿನ ಗೋಡೆಯ ಮೇಲೆ ಕೂತು ನೋಡಿದೆ. ಅವಳು ಓಡುತ್ತಿದ್ದಳು, ಜಿಗಿಯುತ್ತಿದ್ದಳು. ಇಳಿಯುವಾಗ ಮಾತ್ರ ತುಟಿ ಕಚ್ಚುತ್ತಿದ್ದಳು. ಅದು ನನ್ನೊಬ್ಬಳಿಗೇ ಕಾಣುತ್ತಿತ್ತು. ಹೇಳಿದರೆ ಆಣೆ ಮುರಿಯುತ್ತದೆ, ಹೇಳದಿದ್ದರೆ ಮುಚ್ಚಿಟ್ಟ ಬಿರುಕಾಗುತ್ತದೆ. ಕೊನೆಗೆ ನನ್ನ ಜಾಣ ತಲೆಗೆ ಒಂದು ದಾರಿ ಹೊಳೆಯಿತು. ಮಾತಿಲ್ಲದೆ ಬರೀ ಬಣ್ಣ ಹಾಕಿದರೆ ಹೇಳಿದ ಹಾಗೂ ಅಲ್ಲ, ಬಚ್ಚಿಟ್ಟ ಹಾಗೂ ಅಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಗುರುತು ಕಂಡ ದೊಡ್ಡವರು ಯಾರಾದರೂ ಕಾಲು ಸರಿಮಾಡಿಸುತ್ತಾರೆ, ಅವಳು ಹಬ್ಬದ ಹೊತ್ತಿಗೆ ವಾಪಸ್ ಬರುತ್ತಾಳೆ.

ಶೀಟು ಗೋಡೆಗೇರಿತು. "ಶಾಲಿನಿ: ಗಿಡ್ಡ. ಆದರೆ ಇಲಿಯ ಹಾಗೆ ಸಂದಿಯಲ್ಲಿ ನುಗ್ಗುತ್ತಾಳೆ" ಎಂದು ಬರೆದು ಹಸಿರು. "ಮೇರಿ: ಚೆಂಡು ಸಿಕ್ಕರೆ ಅಪ್ಪನ ಆಸ್ತಿ, ಯಾರಿಗೂ ಕೊಡಳು" ಎಂದು ಹಳದಿ. "ಕವಿತಾ: ಮದುವೆಗೆ ಹೊರಟವಳ ಹಾಗೆ ತಲೆ ಬಾಚಿಕೊಂಡು ಬರುತ್ತಾಳೆ, ಬೆವರುವುದಿಲ್ಲ" ಎಂದು ಕೆಂಪು. ಬೇಕರಿಗೆ ಬಂದವರೆಲ್ಲ ಓದಿ ಬಿದ್ದು ಬಿದ್ದು ನಕ್ಕರು. ಬೇಕರಿ ಅಣ್ಣ ನನಗೂ ನಾಗನಿಗೂ ಒಂದೊಂದು ದಿಲ್‌ಪಸಂದ್ ತುಂಡು ಕೊಟ್ಟ. ಎಲ್ಲರ ನಡುವೆ ಇನ್ನೊಂದು ಸಾಲಿತ್ತು. "ರೇಣುಕಾ: ಇವಳಷ್ಟು ಎತ್ತರಕ್ಕೆ ಯಾರೂ ಜಿಗಿಯಲಾರರು." ಅದರ ಮುಂದೆ ಹಳದಿ.

"ಏ, ಇವ್ಳಿಗ್ಯಾಕೇ ಹಳದಿ? ಬಣ್ಣ ತಪ್ಪಾಕಿದೀಯಾ" ಎಂದು ನಾಗ ಕೇಳಿದ.

"ಸರಿಯಾಗೇ ಹಾಕಿದೀನಿ, ಸುಮ್ನಿರೋ" ಎಂದೆ.

ಅಂದು ಸಂಜೆ ಪಿ.ಡಿ. ಸಾರ್ ಟೀ ಕುಡಿಯಲು ಬಂದರು. ಅವರೂ ಮೊದಲು ಕಾರ್ಖಾನೆಯ ಟೀಮಿಗೆ ಆಡಿದವರು, ಮೂರು ಬಣ್ಣಗಳ ಅರ್ಥ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಗುನಗುತ್ತಾ ಓದಿಕೊಂಡು ಬಂದವರು ಆ ಸಾಲಿನಲ್ಲಿ ನಿಂತರು.

"ಇನ್‌ಸ್ಪೆಕ್ಷನ್ ರಾಜಣ್ಣನ ಮಗಳಲ್ವಾ ನೀನು? ಹೊಗಳಿ ಬರ್ದು ಹಳದಿ ಯಾಕಮ್ಮ ಹಾಕಿದೀಯಾ?"

ನಾನು ತಲೆ ತಗ್ಗಿಸಿ ದಿಲ್‌ಪಸಂದಿನ ಚೂರನ್ನು ನೋಡುತ್ತಾ ನಿಂತೆ. ಬಾಯಿ ಬಿಡಲಿಲ್ಲ. ಆದರೆ ಗೊತ್ತಿಲ್ಲ ಎಂದೂ ಹೇಳಲಿಲ್ಲ. ಸಾರ್ ಟೀ ಅರ್ಧಕ್ಕೇ ಇಟ್ಟು ಹೊರಟುಹೋದರು.

ಮರುದಿನ ಅಭ್ಯಾಸಕ್ಕೆ ಮುಂಚೆ ರೇಣುಕಕ್ಕನನ್ನು ಒಬ್ಬಳನ್ನೇ ಅಂಕಣದ ನಡುವೆ ನಿಲ್ಲಿಸಿ, "ಕುಕ್ಕರುಗಾಲಲ್ಲಿ ಕೂತು ಏಳಮ್ಮ" ಎಂದರು. ಕೂತಳು. ಏಳಲಾಗಲಿಲ್ಲ. ಒಂದು ಕೈ ನೆಲಕ್ಕೂರಿ ಹಾಗೇ ಉಳಿದಳು. ಕಾಂಪೌಂಡಿನ ಮೇಲೆ ಸಾಲಾಗಿ ಕೂತು ನಾವೆಲ್ಲ ನೋಡುತ್ತಿದ್ದೆವು.

ಸಾರ್ ಕೆಟ್ಟವರಲ್ಲ. ತಾವೇ ಆಟೋದಲ್ಲಿ ಕೂರಿಸಿಕೊಂಡು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಮೂರು ತಿಂಗಳು ಚೆಂಡು ಮುಟ್ಟಕೂಡದು ಎಂದರು. ಮೂರು ತಿಂಗಳೆಂದರೆ ಪಂದ್ಯಗಳೆಲ್ಲ ಮುಗಿದುಹೋಗುತ್ತವೆ. ಸಾರ್ ನಮ್ಮ ವಠಾರಕ್ಕೂ ಬಂದು ರೇಣುಕಕ್ಕನ ಅಪ್ಪನೊಡನೆ ಮಾತಾಡಿದರು.

"ಒಂದು ವರ್ಷ ತಡೀರಿ ಯಜಮಾನ್ರೇ. ಸೀಟಿಗೆ ನಾನು ಪ್ರಿನ್ಸಿಪಾಲ್ರ ಹತ್ರ ಮಾತಾಡ್ತೀನಿ."

"ಸಾಹೇಬ್ರ, ನಮ್ಮಂಥವ್ರ ಮನ್ಯಾಗ ಒಂದು ವರ್ಷ ಅಂದ್ರ ಏನಂತ ನಿಮಗ ಗೊತ್ತೈತಲ್ರಿ" ಎಂದು ಆತ ಕೈಮುಗಿದ. ಅಲ್ಲಿಗೆ ಮಾತು ಮುಗಿಯಿತು.

ಆಯುಧಪೂಜೆಗೆ ಬೀದಿಯ ತುಂಬ ಬಾಳೆಕಂದು, ಕಡ್ಲೆಪುರಿ. ರಿಂಗಿನ ಕೆಳಗೆ ಚೆಂಡಿಗೆ ಸೇವಂತಿಗೆ ಹಾರ. ಸಾರ್ ಒಂದೊಂದೇ ಹೆಸರು ಕೂಗಿದರು. ಹನ್ನೆರಡನೆಯ ಜರ್ಸಿ ನಾನು ಕೆಂಪು ಹಾಕಿದ್ದ ಕವಿತಾಳಿಗೆ ಹೋಯಿತು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಅವಳಿಗೂ ಅದು ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಾದದ್ದೇ ಆಗ. ರೇಣುಕಕ್ಕ ಹಬ್ಬದ ಸೀರೆ ಉಟ್ಟು ಒಂದು ಕಡೆ ನಿಂತು ಎಲ್ಲರಿಗೂ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆ ನೋಡಲಾಗದೆ ನಾನು ಗೋಡೆಯಿಂದಿಳಿದು ಮನೆಗೆ ಓಡಿದೆ.

ಮನೆಯಲ್ಲಿ ಅಪ್ಪ ಸೈಕಲ್ಲಿಗೆ ಹೂವು ಸಿಕ್ಕಿಸುತ್ತಿದ್ದರು. "ಹಳದಿ ಪೀಸ್ ವಾಪಸ್ ಬರುತ್ತೆ ಅಂದಿದ್ಯಲ್ಲಪ್ಪಾ" ಎಂದು ಬಿಕ್ಕಿ ಬಿಕ್ಕಿ ಅತ್ತೆ. ವಿಷಯವೆಲ್ಲ ಕೇಳಿ ಅಪ್ಪ ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟರು.

"ಬರುತ್ತೆ ಪುಟ್ಟಿ. ಆದ್ರೆ ಲೈನ್ ಅದಕ್ಕೋಸ್ಕರ ಕಾಯ್ತಾ ನಿಂತಿರಲ್ಲ. ಅಷ್ಟೊತ್ತಿಗೆ ಅದರ ಜಾಗಕ್ಕೆ ಬೇರೆ ಪೀಸ್ ಹೋಗಿರುತ್ತೆ. ಅದನ್ನ ನಾನು ನಿನಗೆ ಹೇಳ್ಲಿಲ್ಲ, ತಪ್ಪು ನಂದೇ."

ವಿಜಯದಶಮಿಯ ಮಾರನೆ ದಿನ ರೇಣುಕಕ್ಕನ ಮನೆಯವರು ಜಿಗಣಿಗೆ ಹೊರಟು ರೂಮು ಖಾಲಿ ಮಾಡಿದರು. ಸಾಮಾನೆಲ್ಲ ಟೆಂಪೋದ ಅರ್ಧಕ್ಕೂ ಬರಲಿಲ್ಲ. ನಾನು ಅಮ್ಮನ ಸೆರಗಿನ ಹಿಂದೆ ಅಡಗಿ ನಿಂತಿದ್ದೆ. ರೇಣುಕಕ್ಕ ಕುಂಟುತ್ತಾ ಬಂದು ನನ್ನ ಗಲ್ಲ ಹಿಡಿದೆತ್ತಿದಳು.

"ಬೇಕರಿ ಗೋಡಿ ಮ್ಯಾಲಿಂದು ನೀನ ಬರದಿದ್ದೇನು?"

ಹೂಂ ಅಂದೆ.

"ಅಕ್ಷರ ಭಾಳ ಚಂದ ಅದಾವು. ಚಲೋ ಓದು."

ಬೈದಿದ್ದರೆ ಅತ್ತು ಮುಗಿಸಿಬಿಡುತ್ತಿದ್ದೆ. ಅವಳು ಬೈಯಲಿಲ್ಲ, ಹಾಗಾಗಿ ಅದು ನನ್ನೊಳಗೇ ಉಳಿದುಹೋಯಿತು. ಮತ್ತೆಂದೂ ನಾನು ಆ ಕಾಂಪೌಂಡು ಹತ್ತಲಿಲ್ಲ. ಮುಂದಿನ ವರ್ಷ ನಾಗ ಶೀಟು ತಂದಾಗ ಹರಿದುಹಾಕಿದೆ.

ದೊಡ್ಡವಳಾದಂತೆ ಒಂದು ಸಮಾಧಾನವನ್ನು ಕಟ್ಟಿಕೊಂಡೆ. ಆ ಮೊಣಕಾಲಿನಲ್ಲಿ ಆಡಿದ್ದರೆ ಅವಳು ಜನ್ಮಪೂರ್ತಿ ಕುಂಟಬೇಕಾಗುತ್ತಿತ್ತು, ಸೀಟು ಹೋದರೂ ಕಾಲು ಉಳಿಯಿತು, ಉಳಿಸಿದವಳು ನಾನು. ದೊಡ್ಡನೆಕ್ಕುಂದಿಯ ಶಾಲೆಯಲ್ಲಿ ಟೀಚರಾದ ಮೇಲೂ, ಮಕ್ಕಳು ಆಟವಾಡುವಾಗ ಬಿದ್ದು ಅತ್ತರೆ ಸಂತೈಸುತ್ತಾ ಅದನ್ನೇ ಒಳಗೊಳಗೆ ಹೇಳಿಕೊಳ್ಳುತ್ತಿದ್ದೆ.

ಹೋದ ವರ್ಷ ಶಿಕ್ಷಕರ ತರಬೇತಿಗೆಂದು ಜಿಗಣಿಗೆ ಹೋಗಿದ್ದೆ. ಸಂಜೆ ಬಸ್ ಸ್ಟಾಪಿನಲ್ಲಿ ಗಾರ್ಮೆಂಟ್ಸ್‌ನಿಂದ ಬಿಟ್ಟ ಹೆಂಗಸರ ಗುಂಪು. ಎಲ್ಲರ ತಲೆಗಳ ಮೇಲೆ ಒಂದು ತಲೆ. ರೇಣುಕಕ್ಕನೇ. ಹತ್ತಿರ ಹೋಗಿ ನನ್ನ ಹೆಸರು ಹೇಳಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು, ಟೀಚರ್ ಆದ್ಯಾ, ಚಲೋ ಓದು ಅಂತ ನಾ ಹೇಳಿರಲಿಲ್ಲೇನು ಅಂತ ಕುಣಿದಾಡಿಬಿಟ್ಟಳು. ಈಗ ಅವಳು ಹೊಲಿಗೆ ಲೈನಿನ ಸೂಪರ್‌ವೈಸರ್. ಇಬ್ಬರು ಮಕ್ಕಳು. ಮಾತು ಹೇಗೋ ತಿರುಗಿಸಿ ಕೇಳಿದೆ.

"ಮೊಣಕಾಲು ಈಗ ಹೇಗಿದೆ ಅಕ್ಕ?"

"ಯಾವ ಮೊಣಕಾಲು?" ನೆನಪಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಓ, ಅದಾ! ದೀಪಾವಳಿ ಹೊತ್ತಿಗೇ ಹೋಗಿತ್ತಲ್ಲವಾ. ಇಲ್ಲಿಗೆ ಬಂದು ಮೂರನೇ ವಾರಕ್ಕ ಇಟ್ಟಿಗಿ ಹೊತ್ಕೊಂಡು ಮೂರು ಮಾಳಿಗಿ ಏರಿದೆ. ಮತ್ತ ಒಂದಿನಾನೂ ನೋಯಲಿಲ್ಲ ನೋಡು."

ಮೂರು ವಾರ. ಪಂದ್ಯಗಳು ಶುರುವಾಗಿ ಆಗಿನ್ನೂ ಅರ್ಧವೂ ಮುಗಿದಿರುತ್ತಿರಲಿಲ್ಲ.

ಆ ಅಂಕಣ ಈಗ ಇಲ್ಲ, ಅಲ್ಲಿ ಕಾಲೇಜಿನ ಹೊಸ ಕಟ್ಟಡ ಎದ್ದಿದೆ. ಬೇಕರಿ ಮೊಬೈಲ್ ಅಂಗಡಿಯಾಗಿದೆ, ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅವೆಲ್ಲ ಕಾಲ ಕಿತ್ತುಕೊಂಡವು, ಅದಕ್ಕೆ ನಾನು ಉತ್ತರ ಹೇಳಬೇಕಿಲ್ಲ. ಆದರೆ ಖಾಕಿ ತೊಟ್ಟ ರೇಣುಕಕ್ಕ ಎಲ್ಲಿಯೂ ಇಲ್ಲದೆ ಹೋದದ್ದಕ್ಕೆ ಹೇಳಬೇಕು. "ಅಕ್ಕ, ಅವತ್ತು ನಾನು..." ಎಂದು ಬಾಯಿ ತೆರೆದೆ.

"ಬಸ್ ಬಂತು ನಡಿ ನಡಿ, ರಶ್ ಆಗತೈತಿ" ಎಂದು ಅವಳು ಗುಂಪಿನೊಳಗೆ ನುಗ್ಗಿದಳು. ನಾನು ಹತ್ತುವಷ್ಟರಲ್ಲಿ ಕಿಟಕಿಯ ಪಕ್ಕ ನನಗೆ ಸೀಟು ಹಿಡಿದು, ತಾನು ಕಂಬಿ ಹಿಡಿದುಕೊಂಡು ನಿಂತಿದ್ದಳು. ಇಬ್ಬರೂ ಕೂರೋಣ ಬಾ ಅಕ್ಕ ಎಂದರೂ ಕೇಳಲಿಲ್ಲ.

"ನೀ ಕುಂದರು" ಎಂದಳು. "ನಂಗ ನಿಂತು ರೂಢಿ ಐತಿ."