ಓದಿಗೆ ಕಾವಲು ಕೂತ ಜುಂಜಪ್ಪ

ಕಡಬದ ಜುಂಜಪ್ಪ ಗುಬ್ಬಿ ಸಂತೆಗೆ ಹೋದಾಗಲೆಲ್ಲ ಎದೆ ತಟ್ಟಿಕೊಂಡು ಹೇಳುತ್ತಿದ್ದ: "ನನ್ ಮಗಳು ಓದಕ್ಕೆ ಕೂತ್ರೆ ನಮ್ಮನೇಲಿ ಇರುವೆ ಕೂಡ ಕೆಮ್ಮಂಗಿಲ್ಲ!" ಇರುವೆ ಕೆಮ್ಮುತ್ತಿರಲಿಲ್ಲ, ನಿಜ, ಕೆಮ್ಮುತ್ತಿದ್ದವನು ಜುಂಜಪ್ಪನೇ. ದಸರಾ ರಜೆಗೆ ಮುಂಚಿನ ಪರೀಕ್ಷೆಯಲ್ಲಿ ಮಗಳು ಕಮಲಾಕ್ಷಿ ಲೆಕ್ಕದಲ್ಲಿ ಡುಮ್ಕಿ ಹೊಡೆದಿದ್ದಳು. ಎಸ್ಸೆಸ್ಸೆಲ್ಸಿಯಲ್ಲೂ ಹಾಗೇ ಆದರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು. "ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂರಿಸಪ್ಪಾ" ಎಂದು ಸ್ಕೂಲು ಮೇಷ್ಟ್ರು ಹೇಳಿದ್ದನ್ನು ಅವನು ವೇದವಾಕ್ಯ ಮಾಡಿಕೊಂಡ. ದೀಪ ಹಚ್ಚುತ್ತಲೇ ಮಗಳನ್ನು ನಡುಮನೆಯಲ್ಲಿ ಕೂರಿಸಿ, ತಾನೂ ಎದುರಿಗೆ ಕೂತು, ಕೋಳಿ ಕೊಕ್ಕೆಂದರೆ "ಸದ್ದು!" ಎಂದು ಗದರುವನು, ಆ ಗದರಿಕೆಗೆ ತೋಟದ ಕಾಯಿ ಉದುರಿ, ಕೆರೆಯ ಮೀನೆಲ್ಲ ಆಚೆ ದಡಕ್ಕೆ ಗುಳೆ ಹೋಗುತ್ತಿದ್ದವು. "ಓದ್ತಾ ಇದೀಯೇನವ್ವಾ?" ಎಂದು ಗಳಿಗೆಗೊಮ್ಮೆ ಕೇಳಿದರೆ, "ಇಲ್ಲಪ್ಪಾ, ನಿಂಗೆ ಉತ್ತರ ಹೇಳ್ತಾ ಇದೀನಿ" ಎನ್ನುವಳು ಅವಳು. ಕೊನೆಗೆ ಹೆಂಡತಿ ಹನುಮಂತಮ್ಮ, "ಮಗಳು ಪಾಸಾಗ್ಬೇಕು ಅಂತಿದ್ರೆ ಒಸಿ ಆಚೆ ಕೂತ್ಕಳಿ" ಎಂದು ಜಗಲಿಗೆ ಅಟ್ಟಿದಳು. ಬಂದವರನ್ನು ಅಲ್ಲಿಂದಲೇ ಸನ್ನೆಯಲ್ಲಿ ವಾಪಸು ಕಳಿಸುವುದೇ ಅವನ ಕೆಲಸವಾಯಿತು. ಊರ ನಾಟಕದಲ್ಲಿ ಪ್ರತಿವರ್ಷ ರಾಕ್ಷಸನ ಪಾರ್ಟು ಅವನದೇ. ಸಂಜೆ ಮನೆಯಲ್ಲಿ ಅಬ್ಬರಿಸಿ ಅಭ್ಯಾಸ ಮಾಡದೆ ಅವನಿಗೆ ಪಾರ್ಟಿನ ಮಾತು ಬಾಯಿಗೆ ಬರುತ್ತಿರಲಿಲ್ಲ. ಮಗಳ ಓದಿಗೆ ಅಡ್ಡಿಯಾಗದಿರಲೆಂದು ಈ ವರ್ಷ ಪಾರ್ಟನ್ನೇ ಬಿಟ್ಟುಬಿಟ್ಟ. ನಾಟಕ ಕಲಿಸುವ ಬೀರಯ್ಯ ಜಗಲಿಗೇ ಬಂದು, "ನೀನಿಲ್ದೆ ದೇವ್ರು ಯಾರನ್ನ ಕೊಲ್ಲೋದ್ಲಾ?" ಎಂದು ಗೋಗರೆದಾಗ, ಜುಂಜಪ್ಪ ಹುಟ್ಟಿದಂದಿನಿಂದ ಮೊದಲ ಸಲ ಪಿಸುಗುಟ್ಟಿದ: "ಮಗಳ ಪರೀಕ್ಷೆ ಮುಗೀಲಿ ಕಣೋ, ಬಂದು ಸಾಯ್ತೀನಿ. ಅಲ್ಲೀಗಂಟ ದೇವ್ರೂ ಒಸಿ ಕಾಯ್ಲಿ ಬುಡು."