ಕೊನೆಯಲ್ಲಿ ಸೇರಿಕೊಂಡ ಉಕಾರ

ಹಿರಿಯೂರಿನ ತೆಂಗಿನಕಾಯಿ ಮಂಡಿಯೊಂದರ ಮೇಲಿನ ಮಹಡಿಯಲ್ಲಿ ಕೂತು ಜಯಶೀಲಾ ಇಟಾಲಿಯನ್ ಪದಗಳನ್ನು ಕೇಳುತ್ತಾರೆ. ಇಟಲಿಯ ಭಾಷಾ ಸಂಶೋಧಕರು ಪದಗಳ ಉಚ್ಚಾರದ ಭಂಡಾರವೊಂದನ್ನು ಕಟ್ಟುತ್ತಿದ್ದಾರೆ. ಕಿವಿಗೆ ಬಿದ್ದ ಪದವನ್ನು ಸ್ವರ, ವ್ಯಂಜನಗಳಾಗಿ ಬಿಡಿಸಿ ಕಂಪ್ಯೂಟರಿಗೆ ತುಂಬುವುದು ಇವರ ಕೆಲಸ.

ಮದಕರಿಪುರದ ಕುರಿಗಾರರ ಮನೆಯ ಮಗಳು. ಆ ಭಾಷೆಯ ಅರ್ಥ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ‘ನೋನೊ’ ಎಂದರೆ ಒಂಬತ್ತನೆಯದು, ‘ನೊನ್ನೊ’ ಎಂದರೆ ಅಜ್ಜ. ಕತೆಗೂ ಕತ್ತೆಗೂ ಇರುವ ಅಂತರ ಗೊತ್ತಿರುವ ಕಿವಿಗೆ ಅದು ಕಷ್ಟವಲ್ಲ.

ಕಷ್ಟ ಬೇರೆ ಕಡೆಯಿಂದ ಬಂತು. ಶ್ರಾವಣದ ಒಂದು ಬೆಳಿಗ್ಗೆ ತಂಡದ ಮುಖ್ಯಸ್ಥ ಸಾದಿಕ್ ಇಟಲಿಯಿಂದ ಬಂದ ದೂರನ್ನು ಓದಿ ಹೇಳಿದರು. ‘ಬಾರ್’, ‘ಗಾಸ್’, ‘ಫಿಲ್ಮ್’ನಂಥ ಪದಗಳ ಕೊನೆಗೆ ಇಲ್ಲದ ಉಕಾರ ಸೇರಿದೆ. ಸಂಜೆಯೊಳಗೆ ಸರಿಯಾಗದಿದ್ದರೆ ಕೆಲಸ ಬೇರೆ ಕಂಪನಿಗೆ, ಜಯಶೀಲಾ ಮನೆಗೆ.

“ಜಯಕ್ಕ, ಬಸ್ಸು, ಕಾರು ಅಂದಂಗೆ ಇದಕ್ಕೂ ಬಾಲ ಹಚ್ಚಿದೀರಲ್ಲ.”

“ನೀನೇನು ಬಸ್ ಅಂತೀಯೇನಪ್ಪ?”

“ಬಸ್ಸು ಅಂತ್ಲೇ ಅಂತೀನಿ. ಬರಿಯಾಕೆ ಕುಂತಿದ್ದು ನೀವು.”

ಜಯಶೀಲಾ ಪದಗಳ ಪಟ್ಟಿ ತೆರೆದರು.

ಕೊನೆಯ ಉಕಾರಗಳನ್ನೆಲ್ಲ ಒಂದೇ ಸಲಕ್ಕೆ ಅಳಿಸಿಬಿಡುವುದು ಸಾದಿಕ್ ಲೆಕ್ಕ.

“ತಡಿಯಪ್ಪ, ನಿಜವಾಗ್ಲೂ ಉ ಇರೋವೂ ಅವೆ,” ಎಂದರು ಜಯಶೀಲಾ. ‘ತ್ರಿಬೂ’, ‘ವಿರ್ತೂ’ ಅಂಥವು; ಇಟಲಿಯವರೂ ಅವನ್ನು ಊಕಾರದಲ್ಲೇ ಮುಗಿಸುತ್ತಾರೆ. ಅವೂ ಅಳಿಸಿಹೋದರೆ ಇನ್ನೊಂದು ದೂರು ಖಂಡಿತ.

ಒಂದೊಂದನ್ನೂ ಮತ್ತೆ ಕೇಳತೊಡಗಿದರು. ಈಗ ಕಿವಿಯ ಮೇಲೆ ನಂಬಿಕೆ ಇರಲಿಲ್ಲ. ‘ಫಿಲ್ಮ್’ ಮುಗಿದ ಮೇಲೆ ಏನೋ ಸಣ್ಣಗೆ ಉಳಿಯುತ್ತಿತ್ತು: ಸ್ವರವೋ, ತುಟಿ ಬಿಟ್ಟ ಸದ್ದೋ? ಪರದೆಯ ಮೇಲಿನ ಧ್ವನಿಯ ಗೆರೆಯನ್ನು ಹಿಗ್ಗಿಸಿ ನೋಡಿದರು. ಸ್ವರವಿದ್ದರೆ ಅಲೆ ಒಂದೇ ಸಮ ಏಳಬೇಕು. ಕೆಲವುಗಳಲ್ಲಿ ಎದ್ದಿತ್ತು, ಕೆಲವುಗಳಲ್ಲಿ ಇಲ್ಲ. ಕೆಳಗೆ ಲಾರಿಗೆ ಕಾಯಿ ತುಂಬುವ ಗದ್ದಲ ಶುರುವಾದಾಗ ಕಿಟಕಿ ಹಾಕಿಸಿದರು. ಊಟದ ಡಬ್ಬಿ ತೆಗೆಯಲಿಲ್ಲ.

ಹೊತ್ತು ಇಳಿದಾಗ ಇನ್ನೂ ಒಂದಿಷ್ಟು ಉಳಿದಿದ್ದವು.

“ಅಳಿಸ್ರಿ ಅತ್ಲಾಗೆ,” ಎಂದರು ಸಾದಿಕ್. “ಯಾರು ನೋಡ್ತಾರೆ?”

“ಸರಿಯಾಗಿ ಕೇಳದೆ ಬರೆದಿದ್ದಕ್ಕೇ ಈ ಗತಿ ಬಂದಿರೋದು.”

ಉಳಿದವಕ್ಕೆ ‘ಅನುಮಾನ’ ಎಂದು ಗುರುತು ಹಾಕಿ, ಹಾಗೆಯೇ ಕಳಿಸಿಬಿಟ್ಟರು. ಸಾದಿಕ್ ಆ ಸಂಜೆ ಮುನಿಸಿಕೊಂಡೇ ಮನೆಗೆ ಹೋದರು.

ಇಟಲಿಯವರ ಉತ್ತರ ಮರುದಿನ ಬಂತು. ಅನುಮಾನದ ಪದಗಳನ್ನು ತಾವೇ ಕೇಳಿಕೊಳ್ಳುತ್ತೇವೆ ಎಂದಿದ್ದರು. ಜಯಶೀಲಾ ಮುಂದುವರಿಯಬಹುದು, ವ್ಯಂಜನಕ್ಕೆ ಮುಗಿಯುವ ಪದಗಳನ್ನು ಮಾತ್ರ ಇನ್ನೊಬ್ಬರೂ ಕೇಳಬೇಕು. ಸಾದಿಕ್ ಓದಿ ಮುಗಿಸಿ, ಗೋಡೆಯ ಬದಿಯ ಕುರ್ಚಿಯನ್ನು ಅವರ ಮೇಜಿನ ಪಕ್ಕಕ್ಕೆ ಎಳೆದು ಕೂತರು.

“ಹಾಕ್ರಿ, ಕೇಳಾಣ.”