ಮಗ್ಗ ನಿಂತಾಗ ಕೇಳಿದ ಪಿಟೀಲು

ಕರೆಂಟು ಹೋಗಿ ಮಗ್ಗಗಳು ನಿಂತವು. ಅದರೊಂದಿಗೇ ಮಗಳು ಮಂಜುಳಾಳ ಪಿಟೀಲೂ ನಿಂತಿತು. ಅವಳನ್ನು ಸಂಗೀತ ಕಚೇರಿಗೆ ಕೂರಿಸಬಹುದೇ ಎಂದು ನೋಡಲು ಅವಳ ಪಿಟೀಲು ಮೇಷ್ಟ್ರು ಅಂದು ದೊಡ್ಡಬಳ್ಳಾಪುರದ ನಮ್ಮ ಮನೆಗೇ ಬಂದಿದ್ದರು.

“ಯಾಕಮ್ಮ ನಿಲ್ಲಿಸ್ಬಿಟ್ಟೆ?”

“ಮಗ್ಗದ ತಾಳಕ್ಕೇ ನುಡಿಸ್ತಿದ್ದೆ ಸಾರ್, ಅದೇ ನಿಂತೋಯ್ತು.”

“ವೇದಿಕೆಗೆ ಮಗ್ಗ ಹೊತ್ಕೊಂಡು ಹೋಗಕ್ಕಾಗುತ್ತೇನಮ್ಮ?”

ಮಗಳ ಮುಖ ಬಾಡಿತು. ನಮ್ಮ ಯಜಮಾನರು ಎದ್ದು, ಅದೇ ಲಯದಲ್ಲಿ ಮಗ್ಗದ ಚೌಕಟ್ಟನ್ನು ಬೆರಳಿನಿಂದ ತಟ್ಟತೊಡಗಿದರು. ಅವಳು ಕಮಾನು ಎತ್ತಿದಳು. ಸ್ವಲ್ಪ ಹೊತ್ತಾದ ಮೇಲೆ ಅವರು ಮೆಲ್ಲಗೆ ಕೈ ತೆಗೆದರು. ಅವಳು ನಿಲ್ಲಿಸಲಿಲ್ಲ. “ಕೂರಿಸೋಣ” ಎಂದರು ಮೇಷ್ಟ್ರು.

ಮೊಮ್ಮಕ್ಕಳೇ, ವರ್ಷಗಟ್ಟಲೆ ನಮ್ಮ ಮನೆಯಲ್ಲೇ ನುಡಿದ ಆ ಪಿಟೀಲನ್ನು ಮಗ್ಗದ ಸದ್ದಿಲ್ಲದೆ ನಾನು ಕೇಳಿದ್ದು ಅಂದೇ ಮೊದಲು. ನಿಮ್ಮಮ್ಮನ ಕೈಯಲ್ಲಿ ಅಂಥದ್ದೊಂದು ನಾದ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.